ಚಾದರದ ಇನ್ನೊಂದು ತುದಿ

ಆಯಾ ಅವರ ಎಡ ಹೆಗಲ ಮೇಲೆ ಯಾವಾಗಲೂ ಒಂದು ಹಸಿರು ಚಾದರ ಇರುತ್ತಿತ್ತು. ಒಗೆದು ಒಗೆದು ಹಸಿರು ಹೋಗಿ ಬೂದಿ ಬಣ್ಣಕ್ಕೆ ಬಂದ, ಮೂಲೆಯಲ್ಲಿ ಆಸ್ಪತ್ರೆಯ ಕರಿ ಮುದ್ರೆ ಬಿದ್ದ ಚಾದರ. ಅದರ ಕೆಳಗಿನಿಂದ ಹೊರಬಂದ ಕೈಗಳು ಮಾತ್ರ ನೋಡಿದವರ ನೆನಪಿನಲ್ಲಿ ಉಳಿಯುತ್ತಿದ್ದವು. ಫಿನೈಲಿನ ನೀರಿನಲ್ಲಿ ವರ್ಷಗಟ್ಟಲೆ ಅದ್ದಿದ ಬೆರಳುಗಳ ತುದಿ ಬಿಳಿಚಿ ಸುಕ್ಕಾಗಿತ್ತು. ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿರುತ್ತಿದ್ದರು. ಬಳೆಯಿಲ್ಲದ ಎಡ ಮಣಿಕಟ್ಟಿನಲ್ಲಿ ತೀರಿಹೋದ ಗಂಡನ ದೊಡ್ಡ ಗಡಿಯಾರ ಜೋತುಬಿದ್ದಿರುತ್ತಿತ್ತು. ಹೆರಿಗೆಯ ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ನೋಡಲು ಅದನ್ನೇ ನಂಬಿದ್ದರು. ಇನ್ನು ಅವರ ಮುಖ ಹೇಗಿತ್ತು ಎಂದು ಆಸ್ಪತ್ರೆಗೆ ಬಂದುಹೋದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆದುಕೊಂಡಾರು.

ನಾನು ಡಾಕ್ಟರು. ವಿಜಯಪುರದಲ್ಲೇ ಹುಟ್ಟಿ ಬೆಳೆದವನು. ಟಿಕೋಟಾ ದಾಟಿದ ಮೇಲೆ ಸಿಗುವ ಒಂದು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಏಳು ವರ್ಷ ಇದ್ದೆ, ದಿನಾ ವಿಜಯಪುರದಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆಯಾ ಅವರಿಗೆ ಸೇರುತ್ತಿರಲಿಲ್ಲ. ಅವರ ಹೆಸರನ್ನೂ ಅದೇ ಕಾರಣಕ್ಕೆ ಬಿಟ್ಟಿದ್ದೇನೆ. ಅಷ್ಟಕ್ಕೂ ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ನಾನೂ ಕರೆಯಲಿಲ್ಲ.

ಅವರ ಬಗ್ಗೆ ಹೇಳಬೇಕಾದರೆ ಮೊದಲು ಒಂದು ಮಾತಿನ ಬಗ್ಗೆ ಹೇಳಬೇಕು. ‘ಅಡ್ಡಿಯಿಲ್ಲ’ ಎನ್ನುವ ಮಾತು. ಬೇರೆ ಕಡೆಯವರು ಇದಕ್ಕೆ ‘ಪರವಾಗಿಲ್ಲ’ ಎಂದು ಅರ್ಥ ಹೇಳಿಕೊಳ್ಳುತ್ತಾರೆ. ನಮ್ಮ ಕಡೆ ಊಟ ಹೇಗಿತ್ತು ಎಂದರೂ ಅಡ್ಡಿಯಿಲ್ಲ, ಅಳಿಯ ಹೇಗಿದ್ದಾನೆ ಎಂದರೂ ಅಡ್ಡಿಯಿಲ್ಲ. ನಮ್ಮದು ಬಟ್ಟೆ ವ್ಯಾಪಾರದ ಮನೆತನ. ಮನೆಯೊಳಗೆ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರದಾಗ ಯಾರಾದರೂ ‘ಹ್ಯಾಂಗ ನಡದೈತ್ರಿ ವ್ಯಾಪಾರ’ ಎಂದರೆ ನನ್ನ ತಂದೆ ಕತ್ತರಿಯಿಂದ ತಲೆಯೆತ್ತದೆ ‘ಅಡ್ಡಿಯಿಲ್ರಿ’ ಎನ್ನುತ್ತಿದ್ದರು. ವಾರಗಟ್ಟಲೆ ಗಿರಾಕಿ ಕಾಣದ ದಿನಗಳಲ್ಲೂ ಅದೇ ಉತ್ತರ, ಅದೇ ಧ್ವನಿ. ನಾನು ಒಮ್ಮೆ ಕೇಳಿದ್ದಕ್ಕೆ, ಚಲೋ ಇದೆ ಅಂದರೆ ನಾಲ್ಕು ಮಂದಿ ತಿರುಗಿ ನೋಡುತ್ತಾರೆ, ಕೆಟ್ಟಿದೆ ಅಂದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ ಎಂದು ಹೇಳಿ ಮತ್ತೆ ಬಟ್ಟೆ ಕತ್ತರಿಸಲು ತೊಡಗಿದರು. ಅಂಗಡಿಯಲ್ಲಿ ಈ ಮಾತಿನ ಅರ್ಥ ತಿಳಿದುಕೊಂಡಿದ್ದ ನಾನು ಆಸ್ಪತ್ರೆಗೆ ಹೋದ ಮೇಲೆ ಅದನ್ನು ಪೂರ್ತಿ ಮರೆತೆ. ಅಷ್ಟು ವರ್ಷ ಓದಿದ್ದರ ಫಲ ಅದು.

ನಾನು ಸೇರಿದ ಮೊದಲ ತಿಂಗಳಿನ ಮಾತು. ಹೊನವಾಡ ಕಡೆಯ ಒಂದು ಹುಡುಗಿಗೆ ಹೆರಿಗೆಯಾಗಿ ಮೂರು ದಿನವಾಗಿತ್ತು. ಮನೆಗೆ ಕಳಿಸುವ ದಿನ. ಬೆಳಗ್ಗೆ ಸಿಸ್ಟರ್ ಜ್ವರ ನೋಡಿ ಬರೆದಿದ್ದರು, ಏನೂ ಇರಲಿಲ್ಲ. ಹೊತ್ತು ಏರುವಷ್ಟರಲ್ಲಿ ಬಾಗಿಲಿಗೆ ಟಂಟಂ ಗಾಡಿ ಬಂದು ನಿಂತಿತ್ತು. ಅತ್ತೆ ಗಂಟುಮೂಟೆ ಏರಿಸಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಾನೂ ಏರಿ ಕೂತಾಗಿತ್ತು.

‘ಹ್ಯಾಂಗದೀಯವ್ವಾ?’ ಎಂದೆ ಹುಡುಗಿಗೆ.

‘ಅಡ್ಡಿಯಿಲ್ರಿ.’

‘ನೋವು ಗೀವು?’

‘ಇಲ್ರಿ. ಅಡ್ಡಿಯಿಲ್ರಿ.’

ನಾನು ಕಾಗದಕ್ಕೆ ಸಹಿ ಹಾಕಿ ಪಕ್ಕದ ಮಂಚಕ್ಕೆ ಹೋದೆ. ಆಗ ಆಯಾ ಆ ಹುಡುಗಿಯ ಮಂಚದ ಚಾದರ ಎಳೆದು ಕೊಡವಿ, ಒಂದು ತುದಿ ಅವಳ ಕಡೆ ಚಾಚಿದರು. ‘ಬಾ ಬೇ ತಂಗಿ. ಹೋಗೂಕಿಂತ ಮೊದಲ ಇದರ ಇನ್ನೊಂದು ತುದಿ ಹಿಡಿ, ಮಡಚೂಣು.’

ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನದ ಬಾಣಂತಿ. ‘ಬಾಣಂತಿ ಕೈಲೆ ಕೆಲಸ ಮಾಡಸ್ತೀರೇನು ಆಯಾ? ನಿಮಗ ಮೈಗಳ್ಳತನ ಆದ್ರ ಹೇಳ್ರಿ,’ ಎಂದು ವಾರ್ಡಿಗೆಲ್ಲ ಕೇಳುವಂತೆ ಬೈದೆ. ಅವರು ಅದು ಕೇಳಿಸಲೇ ಇಲ್ಲ ಅನ್ನುವ ಹಾಗಿದ್ದರು. ಇಬ್ಬರೂ ಚಾದರವನ್ನು ಉದ್ದಕ್ಕೆ ಎಳೆದು ಒಮ್ಮೆ ಮಡಚಿದರು. ಎರಡನೆಯ ಮಡಿಕೆಗೆ ಎದುರಾಬದುರಾ ನಡೆದು ಬಂದು ತುದಿಗೆ ತುದಿ ಸೇರಿಸಿದರು. ಸೇರಿಸುವಾಗ ಕೈಗೆ ಕೈ ತಾಗಿತು. ಆಯಾ ಆ ಕೈಯನ್ನು ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚಿಗೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗದೆ, ಚಾದರಕ್ಕೆ ಹೇಳುವಂತೆ ಹೇಳಿದರು: ‘ಸಾಹೇಬ್ರ, ಕೈ ಸುಡಾಕತ್ತಾವ.’

ಥರ್ಮಾಮೀಟರ್ ನೂರಾ ಮೂರು ತೋರಿಸಿತು. ಒಂದು ತಾಸಿನಿಂದ ಚಳಿ ಬಿಟ್ಟು ಬಿಟ್ಟು ಬರುತ್ತಿತ್ತಂತೆ. ಟಂಟಂ ಬಂದು ನಿಂತಿದೆ, ಅತ್ತೆ ಏರಿ ಕೂತಿದ್ದಾಳೆ, ಈಗ ಚಳಿ ಅಂದರೆ ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂದು ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು. ಅತ್ತೆ ಕೆಟ್ಟ ಹೆಂಗಸೇನೂ ಅಲ್ಲ. ಗಂಟು ಇಳಿಸುತ್ತ, ‘ಬಾಯಿ ಬಿಟ್ಟು ಹೇಳಾಕ ಏನಾಗಿತ್ತ ಬೇ’ ಎಂದು ಕಣ್ಣೀರು ಹಾಕಿದಳು. ನಂಜು ಏರಿತ್ತು. ಐದು ದಿನ ಇಟ್ಟುಕೊಂಡು ಕಳಿಸಿದೆವು. ಆ ದಿನವೇ ಟಂಟಂ ಏರಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಬಿಡಿಸಿ ಬರೆಯುವ ಅಗತ್ಯವಿಲ್ಲ.

ಮಧ್ಯಾಹ್ನ ಆಯಾ ಅವರನ್ನು ಕರೆದೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.

‘ಆಕಿ ಅಡ್ಡಿಯಿಲ್ಲ ಅಂದಳಲ್ಲ ಆಯಾ, ನಾ ಏನ ಮಾಡ್ಲಿ?’

‘ಅದು ಉತ್ತರ ಅಲ್ರಿ ಸಾಹೇಬ್ರ,’ ಎಂದರು. ‘ಅದು ಬಾಗಲಾ ಮುಂದ ಮಾಡಿ ಮುಚ್ಚಿದಂಗ. ನನ್ನ ಕಡೆ ನೋಡಬ್ಯಾಡ್ರಿ, ಮುಂದಿನವರನ್ನ ನೋಡ್ರಿ ಅಂತ ಹೇಳೂದು. ನೀವು ಹೌದು ಅಂತ ಮುಂದಿನವರ ಕಡೆ ಹೋಗಿಬಿಟ್ರಿ.’

ಅವತ್ತಿನಿಂದ ನನ್ನ ಎರಡನೆಯ ಓದು ಶುರುವಾಯಿತು. ಆಯಾ ಪಾಠ ಹೇಳುವವರಲ್ಲ. ನೆಲ ಒರೆಸುತ್ತ, ಬಕೆಟ್ ಎತ್ತುತ್ತ ನಡುವೆ ಒಂದೊಂದು ಮಾತು ಆಡುತ್ತಿದ್ದರು, ನಾನು ಕಿವಿ ತೆರೆದಿರಬೇಕಾಗಿತ್ತು. ಗಂಡಸರು ಈ ಮಾತನ್ನು ಕೇಳುವುದಕ್ಕಿಂತ ಮೊದಲೇ ಹೇಳಿಬಿಡುತ್ತಾರೆ, ಹೆಂಗಸರು ಪಕ್ಕದಲ್ಲಿ ಯಾರಿದ್ದಾರೆ ಎಂದು ಒಮ್ಮೆ ನೋಡಿ ಹೇಳುತ್ತಾರೆ ಎನ್ನುವುದು ಅವರಿಂದ ತಿಳಿಯಿತು. ಎರಡು ಸಲ ಬೆನ್ನುಬೆನ್ನಿಗೆ ಹೇಳಿದರೆ ಮಂಚ ಬಿಟ್ಟು ಕದಲಬಾರದು. ಹಾಗಾದರೆ ನಿಜವಾಗಿ ಆರಾಮಿರುವವರು ಏನೆನ್ನುತ್ತಾರೆ ಎಂದು ಕೇಳಿದೆ. ಆಯಾ ನಕ್ಕುಬಿಟ್ಟರು. ‘ಖರೇನ ಆರಾಮ ಇದ್ದವರು ಆ ಮಾತ ಅನ್ನಂಗಿಲ್ರಿ. ಮನಿಗೆ ಯಾವಾಗ ಕಳಸ್ತೀರಿ, ಇಲ್ಲಿ ಚಾ ಒಂದೀಟೂ ಚಲೋ ಇಲ್ಲ ಅಂತ ಜಗಳ ತಗೀತಾರ.’ ನಾನು ಆಮೇಲೆ ಗಮನಿಸಿದೆ. ಅದು ನೂರಕ್ಕೆ ನೂರು ಖರೆ.

ಮಾತು ನಂಬದ ಮೇಲೆ ನೋಡುವುದು ಹೇಗೆ? ಅದಕ್ಕೇ ಚಾದರ. ಆಯಾ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಇನ್ನೊಂದು ತುದಿ ಹಿಡಿಸುತ್ತಿದ್ದರು. ಕೈ ಎಷ್ಟು ಮೇಲೇಳುತ್ತದೆ, ನಡೆದು ಬರುವಾಗ ಉಸಿರು ಸಿಕ್ಕುತ್ತದೆಯೇ, ಬಗ್ಗುವಾಗ ಹಲ್ಲು ಕಚ್ಚುತ್ತಾರೆಯೇ, ಬೆರಳು ನಡುಗುತ್ತವೆಯೇ, ಎಲ್ಲವೂ ನಾಲ್ಕು ಮಡಿಕೆಗಳಲ್ಲಿ ಹೊರಬೀಳುತ್ತಿತ್ತು. ದ್ರಾಕ್ಷಿ ಗೊನೆಯ ಕಾಳು ಬಿಡಿಸುವ ಹಂಗಾಮಿನಲ್ಲಿ ದಿನವಿಡೀ ಕೈ ಮೇಲೆತ್ತಿ ದುಡಿದ ಹೆಂಗಸರು ಬರುತ್ತಿದ್ದರು. ನನ್ನ ಮುಂದೆ ಅಡ್ಡಿಯಿಲ್ಲ ಎಂದವರು ಚಾದರ ಕೊಡವುವಾಗ ‘ಯವ್ವಾ’ ಎಂದು ಕೂತುಬಿಡುತ್ತಿದ್ದರು. ಕೊನೆಯ ಮಡಿಕೆಗೆ ಇಬ್ಬರೂ ಮುಖಕ್ಕೆ ಮುಖ ಬಂದಾಗ, ಯಾರಿಗೂ ಹೇಳದ್ದನ್ನು ಆಯಾ ಕಿವಿಗೆ ಹೇಳಿ ಹಗುರಾಗುವವರೂ ಇದ್ದರು. ಮಡಚಿದ ಮೇಲೆ ಆಸ್ಪತ್ರೆಯ ಕರಿ ಮುದ್ರೆ ಒಳಗೆ ಬರುತ್ತಿತ್ತು. ಅದರಲ್ಲಿ ಒಂದು ದಿನವೂ ತಪ್ಪು ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ‘ಮಲಗೋರ ಕಣ್ಣಿಗೆ ಸರಕಾರ ಯಾಕ ಬೀಳಬೇಕ್ರಿ’ ಎಂದರು.

ಒಮ್ಮೆ ನಾನು ಸುಮ್ಮನಿರಲಾರದೆ ಕೇಳಿದೆ. ಜ್ವರ ಇದೆಯೋ ಇಲ್ಲವೋ ನೋಡಲು ಹಣೆ ಮುಟ್ಟಿದರೆ ಸಾಕಲ್ಲ, ಇಷ್ಟೆಲ್ಲ ಕಸರತ್ತು ಯಾಕೆ?

ಅವರು ಕೈಯಲ್ಲಿದ್ದ ಕೆಲಸ ಮುಗಿಸಿಯೇ ಉತ್ತರ ಕೊಟ್ಟರು. ಅವರದು ಬೌದ್ಧ ಮನೆತನ, ಟಿಕೋಟಾದವರು. ‘ನಾ ಹೊಸದಾಗಿ ಬಂದಾಗ ನನ್ನ ಕೈಲೆ ಭಾಳ ಮಂದಿ ನೀರ ತಗೋತಿದ್ದಿಲ್ರಿ. ನೀರಡಿಕಿ ಇಲ್ಲ ಅನ್ನೋರು. ಸಿಸ್ಟರ್ ಬಂದ ಮ್ಯಾಲೆ ಕೇಳಿ ಕುಡಿಯೋರು. ಮೈ ಮುಟ್ಟಿದ್ರ ಮಾರಿ ಆ ಕಡೆ ಮಾಡೋರು. ಚಾದರದ ಇನ್ನೊಂದು ತುದಿ ಹಿಡಿ ಅಂದ್ರ ಮಾತ್ರ ಯಾರೂ ಬ್ಯಾಡ ಅಂದಿಲ್ಲ. ನಡುವ ಚಾದರದ ಅರಿವಿ ಇರತೈತಲ್ರಿ. ಮಡಚ್ಕೋತ ಮಡಚ್ಕೋತ ಕೈಗೆ ಕೈ ಹತ್ತಿದ್ದು ಅವರಿಗೆ ಗೊತ್ತಾಗಂಗಿಲ್ಲ.’

ಹೇಳುವಾಗ ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ನನಗೆ ಬಂತು, ಜೊತೆಗೆ ನಾಚಿಕೆಯೂ ಆಯಿತು. ನೀರಡಿಕೆ ಇಲ್ಲ ಎನ್ನುವ ಒಬ್ಬಿಬ್ಬರನ್ನು ನಾನೂ ಅದೇ ವಾರ್ಡಿನಲ್ಲಿ ನೋಡಿದ್ದೆ. ನೋಡಿ, ನಿಜವಾಗಿಯೂ ನೀರಡಿಕೆ ಇಲ್ಲವೆಂದೇ ತಿಳಿದಿದ್ದೆ.

ಬೇರೆಯವರ ಅಡ್ಡಿಯಿಲ್ಲವನ್ನು ಇಷ್ಟು ಚೆನ್ನಾಗಿ ಓದುತ್ತಿದ್ದವರು ತಾವು ಮಾತ್ರ ಅದರ ಹಿಂದೆಯೇ ಬದುಕಿದ್ದರು. ಮೇಲಿನ ಅಧಿಕಾರಿಗಳು ಬಂದರೆ ಆಯಾ ಹೆರಿಗೆ ಕೋಣೆ ತೊಳೆಯಲು ಹೋಗುತ್ತಿದ್ದರು, ಅದು ಆಗಲೇ ತೊಳೆದು ಒಣಗಿರುತ್ತಿತ್ತು. ಊಟಕ್ಕೆ ಸ್ಟೋರ್ ಕೋಣೆಯ ಹಿಂದೆ ಕೂರುತ್ತಿದ್ದರು. ಕರೆದರೆ ‘ಇಲ್ಲೆ ಅಡ್ಡಿಯಿಲ್ರಿ’ ಎನ್ನುವ ಉತ್ತರ. ನನ್ನ ಮೇಜಿನ ಮೇಲೆ ಆಗಾಗ ಕಾಗದ ಮುಚ್ಚಿದ ಬಟ್ಟಲಲ್ಲಿ ಶೇಂಗಾ ಚಟ್ನಿ ಇರುತ್ತಿತ್ತು, ಯಾರು ಇಟ್ಟರೆಂದು ಕೇಳುವಂತಿರಲಿಲ್ಲ. ಯಾವುದೋ ಜಾಗೃತಿ ದಿನಕ್ಕೆ ಸಿಬ್ಬಂದಿಯೆಲ್ಲ ಬ್ಯಾನರ್ ಹಿಡಿದು ನಿಂತ ಫೋಟೊ ಕಳಿಸಬೇಕಿತ್ತು. ಆಯಾ ಅವರನ್ನೂ ಎಳೆದು ತಂದು ನಿಲ್ಲಿಸಿದೆ. ಫೋಟೊ ನೋಡಿದರೆ ಆಯಾ ಇಲ್ಲ. ಬ್ಯಾನರಿನ ಒಂದು ತುದಿ ಹಿಡಿದ ನಾಲ್ಕು ಬೆರಳು ಮಾತ್ರ ಇದ್ದವು.

ನನ್ನ ಜೊತೆ ಮಾತ್ರ ಕ್ರಮೇಣ ಸಲಿಗೆ ಬಂತು. ನಾನು ಯಾರ ಮೇಲಾದರೂ ರೇಗಿದ ದಿನ ಬಾಗಿಲಲ್ಲಿ ನಿಂತು, ‘ಸಾಹೇಬ್ರಿಗೆ ಇವತ್ತ ಚಾದರ ಮಡಚಾಕ ಹಚ್ಚಬೇಕ ನೋಡ್ರಿ ಸಿಸ್ಟರ್’ ಎಂದು ಕಾಡುತ್ತಿದ್ದರು. ಒಂದೆರಡು ಸಲ ಖರೇನೇ ಹಚ್ಚಿದರು. ಮಡಚಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ.

ಆರನೆಯ ವರ್ಷದ ಮಳೆಗಾಲದಲ್ಲಿ ಅವರ ಗಡಿಯಾರ ನನ್ನ ಕಣ್ಣಿಗೆ ಬಿತ್ತು. ಮಣಿಕಟ್ಟಿನಲ್ಲಿ ನಿಲ್ಲದೆ ಅಂಗೈಯವರೆಗೆ ಜಾರುತ್ತಿತ್ತು. ಕುಪ್ಪಸ ಸಡಿಲವಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಏನೋ ಇದೆ ಅನ್ನಿಸಿತು. ಇದ್ದರೆ ಈಗಲೇ ಹಿಡಿಯಬೇಕು, ಬಿಟ್ಟರೆ ಆಯಾ ಕೈಬಿಟ್ಟು ಹೋಗುತ್ತಾರೆ ಎಂದು ಒಳಗೇ ಹೆದರಿದೆ.

‘ಹ್ಯಾಂಗದೀರಿ ಆಯಾ?’

‘ಅಡ್ಡಿಯಿಲ್ರಿ ಸಾಹೇಬ್ರ.’

‘ಊಟಾ ಗೀಟಾ ಬರೋಬರಿ ಹೋಗತೈತಿ?’

‘ಅಡ್ಡಿಯಿಲ್ರಿ.’

ಎರಡು ಸಲ ಆಯಿತು. ನಾನು ಇನ್ನೊಂದು ಮಾತಾಡದೆ ಹಗ್ಗದ ಮೇಲಿನ ಒಂದು ಚಾದರ ಎಳೆದು, ತುದಿ ಅವರ ಕಡೆ ಚಾಚಿದೆ. ಆಯಾ ನನ್ನನ್ನು ನೋಡಿದರು. ತುಟಿಯ ಅಂಚಿನಲ್ಲಿ ಸಣ್ಣ ನಗೆ ಬಂತು. ‘ಭಾಳ ಶಾಣ್ಯಾ ಆಗೀರಿ ನೀವು,’ ಎಂದು ತುದಿ ಹಿಡಿದರು.

ಮಡಚಿದೆವು. ಉಸಿರು ಸಿಕ್ಕಲಿಲ್ಲ, ಕೈ ನಡುಗಲಿಲ್ಲ, ಕೈಗೆ ಕೈ ತಾಗಿದಾಗ ತಣ್ಣಗಿತ್ತು. ಉದ್ದಕ್ಕೂ ಮಗಳ ಬಗ್ಗೆ ಮಾತಾಡುತ್ತಿದ್ದರು. ಒಬ್ಬಳೇ ಮಗಳು, ವಿಜಯಪುರದಲ್ಲಿ ನರ್ಸಿಂಗ್ ಓದಲು ಸೇರಿದ್ದಳು. ಹಾಸ್ಟೆಲಿನ ಊಟ, ಹುಡುಗಿಯ ಹಟ, ಅವಳು ಸೂಜಿ ಚುಚ್ಚಲು ಕಲಿತದ್ದು. ನಾನು ಅವರ ಮುಖ ನೋಡುತ್ತ, ಹೆಗಲು ನೋಡುತ್ತ ಮಡಚಿದೆ. ಏನೂ ಸಿಗಲಿಲ್ಲ. ವಯಸ್ಸು, ದುಡಿತ, ಮಗಳ ಚಿಂತೆ ಎಂದುಕೊಂಡೆ. ರಕ್ತ ಹೆಚ್ಚುವ ಗುಳಿಗೆ ಬರೆದುಕೊಟ್ಟು ಮುಂದಿನವರ ಕಡೆ ಹೋದೆ. ಮನಸ್ಸು ನಿರಾಳವಾಗಿತ್ತು. ಆ ನಿರಾಳತೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಹೆರಿಗೆಗೆ ಅವಸರವಾಗಿತ್ತು. ಸಿಸ್ಟರ್ ಒಳಗಿದ್ದರು, ಆಯಾ ಬಿಸಿನೀರಿಗೆ ಹೋಗಿದ್ದರು. ಚಾದರ ಬೇಕೆಂದು ನಾನೇ ಸ್ಟೋರ್ ಕೋಣೆಯ ಕಬ್ಬಿಣದ ಕಪಾಟು ತೆಗೆದೆ. ಬಾಗಿಲು ತೆಗೆದವನು ಹಾಗೇ ನಿಂತೆ. ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ ಒಟ್ಟಿದ ಚಾದರಗಳ ಮೇಲೆಲ್ಲ ಕರಿ ಮುದ್ರೆ ಕಾಣುತ್ತಿತ್ತು. ಒಂದರಲ್ಲೂ ಮುದ್ರೆ ಒಳಗಿರಲಿಲ್ಲ.

ಹೆರಿಗೆ ಮುಗಿಸಿ, ಕೈ ತೊಳೆದು, ಮತ್ತೆ ಆ ಕೋಣೆಗೆ ಬಂದು ಒಂದು ಚಾದರ ಬಿಡಿಸಿದೆ. ನಾನೇ ಮಡಚಿ ನೋಡಿದೆ. ಬಲಗೈಯ ತುದಿಯನ್ನು ಮೇಲೆತ್ತಿ ಎಡಗೈಯ ಮೇಲೆ ತಂದರೆ ಮುದ್ರೆ ಒಳಗೆ ಹೋಗುತ್ತಿತ್ತು. ಆಯಾ ಅಷ್ಟು ವರ್ಷ ಮಾಡಿದ್ದು ಹಾಗೆ. ಬಲಗೈಯನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಎಡಗೈಯನ್ನೇ ಅದರ ಮೇಲೆ ತಂದರೆ ಮುದ್ರೆ ಹೊರಗೆ ಬರುತ್ತಿತ್ತು. ಅವರು ಬಲಗೈ ಮೇಲೆತ್ತುವುದನ್ನೇ ಬಿಟ್ಟಿದ್ದರು. ಕಪಾಟಿನ ಪ್ರತಿ ಚಾದರವೂ ಒಗೆದು ಮಡಚಿ ಒಳಗೆ ಸೇರುವಷ್ಟು ದಿನಗಳಿಂದ ಬಿಟ್ಟಿದ್ದರು. ನನ್ನ ಮುಂದೆ ಮಡಚಿದ ದಿನವೂ ಹಾಗೇ ಮಡಚಿದ್ದರು. ನಾನು ಏನು ನೋಡುತ್ತೇನೆ ಎನ್ನುವುದು ಅವರಿಗೆ ಗೊತ್ತಿತ್ತು, ಕಲಿಸಿದವರು ಅವರೇ. ಅದಷ್ಟನ್ನೂ ಮುಚ್ಚಿಟ್ಟರು. ಚಾದರದ ಮುದ್ರೆ ಹೊರಗೆ ಬಂದದ್ದನ್ನು ಮಾತ್ರ ನಾನು ನೋಡಲಿಲ್ಲ, ಅವರೂ ನೋಡಿರಲಿಲ್ಲ.

ಒಂದು ಚಾದರ ತಂದು ಮುದ್ರೆ ಮೇಲೆ ಮಾಡಿ ಅವರ ಮುಂದೆ ಇಟ್ಟೆ. ‘ಇದು ಯಾರ ಕೈ ಆಯಾ?’

ಅವರು ಮುದ್ರೆಯ ಮೇಲೆ ಬೆರಳಾಡಿಸಿದರು.

‘ಎಷ್ಟ ದಿನಾ ಆತು?’

‘ದ್ರಾಕ್ಷಿ ಕಟಾವು ನಡದಾಗ ಕೈಗೆ ಹತ್ತಿತ್ರಿ. ಬಗಲಾಗ ಗಂಟೈತಿ. ಎದಿಗೂ ಐತಿ.’

‘ಯಾಕ ಹೇಳಲಿಲ್ಲ?’

‘ನಾ ಇಲ್ಲೆ ಯಾರ ಕಣ್ಣಿಗೂ ಬೀಳಂಗಿಲ್ರಿ ಸಾಹೇಬ್ರ, ಅದಕ್ಕ ಇಷ್ಟ ವರ್ಷ ಕೆಲಸದಾಗ ಉಳದೇನಿ. ಬ್ಯಾನಿ ಐತಿ ಅಂದ್ರ ಎಲ್ಲಾರೂ ನನ್ನ ನೋಡತಾರ. ಏಜೆನ್ಸಿಯವರು ಬ್ಯಾರೆ ಆಯಾನ್ನ ಕಳಸತಾರ. ಮಗಳ ಸಾಲಿ ಇನ್ನೂ ಎರಡ ವರ್ಷ ಐತ್ರಿ.’

ಅವರದು ಗುತ್ತಿಗೆಯ ಕೆಲಸ, ಯಾವಾಗ ಬೇಕಾದರೂ ಬಿಡಿಸಬಹುದಾಗಿತ್ತು. ಸಿಸ್ಟರ್ ಅವರನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದರು. ಸಿಸ್ಟರ್ ಮುಖ ನೋಡಿದ ಮೇಲೆ ನಾನು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದೆ.

ಮರುದಿನ ನಾನು ಮತ್ತು ಆಯಾ ವಿಜಯಪುರದ ಬಸ್ಸು ಹತ್ತಿದೆವು. ಹರಿದ ಚಾದರಗಳನ್ನೆಲ್ಲ ಆರಿಸಿ ಒಂದು ದೊಡ್ಡ ಗಂಟು ಕಟ್ಟಿಸಿದ್ದೆ. ಜಿಲ್ಲಾ ಸ್ಟೋರಿಗೆ ಒಪ್ಪಿಸಿ ಹೊಸವು ತರುವ ನೆವ. ಅವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕೂತರು. ನಾನು ಎರಡು ಸೀಟು ಮುಂದೆ ಕೂತು ಹೊರಗೆ ನೋಡುತ್ತಿದ್ದೆ. ಬಿಜ್ಜರಗಿ ಕಡೆಯವಳೊಬ್ಬಳು ಹತ್ತಿ, ‘ಎಲ್ಲಿಗಿ ಹೊಂಟೀಯ ಬೇ ಆಯಾ’ ಎಂದಳು. ‘ಹರದ ಚಾದರ ಬದಲ ಮಾಡಾಕ,’ ಎಂದರು. ಆ ಹೆಂಗಸು ಆಮೇಲೆ ಇನ್ನೊಬ್ಬರ ಜೊತೆ ಮಾತಿಗೆ ತೊಡಗಿದಳು. ಯಾರಿಗೂ ಯಾವ ಅನುಮಾನವೂ ಬರಲಿಲ್ಲ. ಕಣ್ಣಿಗೆ ಬೀಳದ ಹಾಗೆ ಇರುವುದನ್ನು ನಾನು ಜೀವನದಲ್ಲಿ ಒಮ್ಮೆ ಸರಿಯಾಗಿ ಮಾಡಿದ್ದರೆ ಅದು ಆ ದಿನ.

ತಪಾಸಣೆ ಆಯಿತು, ಆಪರೇಷನ್ ಆಯಿತು, ಕೂದಲು ಉದುರುವ ಔಷಧಿಗಳೂ ಆದವು. ‘ಒಂದಿಷ್ಟು ಮೊದಲು ಬರಬೇಕಿತ್ತು’ ಎಂದು ಸರ್ಜನ್ ಅಂದರು. ನಾವು ಡಾಕ್ಟರುಗಳು ಎಲ್ಲರಿಗೂ ಅನ್ನುವ ಮಾತು ಅದು. ಆದರೆ ಆ ಒಂದಿಷ್ಟರಲ್ಲಿ ಮೂರು ವಾರ ನನ್ನದು. ಆಯಾ ಸ್ವಂತ ಕೆಲಸಕ್ಕೆ ರಜೆ ಹೋಗಿದ್ದಾರೆ ಎಂದು ನಾನು ಏಜೆನ್ಸಿಗೆ ಬರೆದು ಕಳಿಸಿದೆ. ಬರೆದದ್ದು ಸುಳ್ಳು, ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ನಾಲ್ಕು ತಿಂಗಳು ಸಿಸ್ಟರ್ ನೆಲ ಒರೆಸಿದರು, ನಾನು ಚಾದರ ಮಡಚಿದೆ. ಎರಡೂ ಕೆಟ್ಟದಾಗಿಯೇ ನಡೆದವು, ಆದರೆ ಯಾರೂ ಬೇರೆ ಆಯಾನ್ನ ಕಳಿಸಿ ಎಂದು ಕೇಳಲಿಲ್ಲ.

ತಿರುಗಿ ಬಂದಾಗ ತಲೆಗೆ ಸೆರಗು ಗಟ್ಟಿಯಾಗಿ ಹೊದ್ದಿದ್ದರು. ಬಲಗೈ ಹೆಗಲ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎಡಗೈಯಿಂದಲೇ ಮಡಚುತ್ತಿದ್ದರು, ಮುದ್ರೆ ಹೊರಗೇ ಬರುತ್ತಿತ್ತು. ‘ಸರಕಾರ ಕಾಣಾಕತ್ತೈತಲ್ರಿ ಆಯಾ’ ಎಂದು ನಾನು ಕಾಡಿದರೆ, ‘ಕಾಣಲಿ ಬಿಡ್ರಿ, ನನಗ ಪಗಾರ ಕೊಡಾಕತ್ತೈತಿ’ ಎನ್ನುತ್ತಿದ್ದರು. ಮರುವರ್ಷ ನನಗೆ ಬಬಲೇಶ್ವರ ಕಡೆಗೆ ವರ್ಗವಾಯಿತು. ಹೊರಡುವ ದಿನ ಹಾರ ತುರಾಯಿ ಎಲ್ಲ ಇತ್ತು, ಆಯಾ ಮಾತ್ರ ಕಾಣಲಿಲ್ಲ. ನನ್ನ ಚೀಲದಲ್ಲಿ ಚಟ್ನಿಯ ಡಬ್ಬಿ ಇತ್ತು. ಮಗಳು ಓದು ಮುಗಿಸಿ ವಿಜಯಪುರದಲ್ಲೇ ನರ್ಸ್ ಆದಳು. ಆಯಾ ಕೆಲಸ ಬಿಟ್ಟು ಟಿಕೋಟಾದ ತಮ್ಮ ಮನೆಯಲ್ಲಿ ಉಳಿದರು. ಫೋನ್ ಮಾಡಿದಾಗಲೆಲ್ಲ ಅಡ್ಡಿಯಿಲ್ಲ ಎನ್ನುತ್ತಿದ್ದರು. ಫೋನಿನಲ್ಲಿ ಚಾದರ ಹಿಡಿಸುವುದು ಸಾಧ್ಯವಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮಗಳ ಫೋನ್ ಬಂತು. ರೋಗ ಎಲುಬಿಗೆ ಇಳಿದಿತ್ತು. ನೋವಿಗೆ ಗುಳಿಗೆ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ, ಆ ಗುಳಿಗೆಯೂ ಬೇಡ ಎನ್ನುತ್ತಿದ್ದಾರೆ, ನೋವಿಲ್ಲ ಎನ್ನುತ್ತಿದ್ದಾರೆ, ನೀವಾದರೂ ಬಂದು ಹೇಳಿ ಎಂದಳು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಟಿಕೋಟಾಕ್ಕೆ ಹೋದೆ. ಅಂಗಳದ ಬಿಸಿಲಿನಲ್ಲಿ ಮಂಚ ಹಾಕಿ ಮಲಗಿಸಿದ್ದರು. ಗಡಿಯಾರ ಮಣಿಕಟ್ಟಿನಲ್ಲಿ ಇರಲಿಲ್ಲ, ದಿಂಬಿನ ಪಕ್ಕ ಇತ್ತು.

‘ಹ್ಯಾಂಗದೀರಿ ಆಯಾ?’

ಆ ಮಾತು ಬರುತ್ತದೆ ಎಂದು ತಯಾರಾಗಿ ನಿಂತಿದ್ದೆ. ಬೈಯಬೇಕು, ಗುಳಿಗೆ ನುಂಗಿಸಿಯೇ ಹೋಗಬೇಕು ಎಂದುಕೊಂಡು ಬಂದಿದ್ದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಮಗಳ ಕಡೆ ನೋಡಿದರು. ಅವಳು ಒಳಗೆ ಹೋಗುವವರೆಗೆ ಕಾದರು.

‘ಭಾಳ ನೋವೈತ್ರಿ ಸಾಹೇಬ್ರ,’ ಎಂದರು. ‘ತಡಿಯಾಕ ಆಗವಲ್ದು. ಒಂದೀಟು ಕುಂದರ್ರಿ.’

ನಾನು ಕೂತೆ. ಗುಳಿಗೆ ಕೊಟ್ಟೆ, ತಕರಾರಿಲ್ಲದೆ ನುಂಗಿದರು. ಬಲಗೈ ಊದಿಕೊಂಡು ಹೊದಿಕೆಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡೆ. ಅಷ್ಟು ವರ್ಷಗಳಲ್ಲಿ ನಡುವೆ ಚಾದರ ಇಲ್ಲದೆ ನಾನು ಅವರ ಕೈ ಹಿಡಿದದ್ದು ಅದೇ ಮೊದಲು ಎನ್ನುವುದು ಆಗ ಹೊಳೆಯಿತು. ಅವರಿಗೂ ಹೊಳೆದಿರಬೇಕು. ಕೈಯನ್ನು ನೋಡಿದರು, ಹಾಗೇ ಕಣ್ಣು ಮುಚ್ಚಿದರು.

ಬಿಸಿಲು ಅಂಗಳದ ಅರ್ಧಕ್ಕೆ ಬಂದ ಮೇಲೆ ಕಣ್ಣು ತೆರೆದರು. ‘ದವಾಖಾನಿಗೆ ಹೊತ್ತಾತಲ್ರಿ. ಮುಂದಿನವರು ಕಾದಿರತಾರ.’

‘ಕಾಯಲಿ ಬಿಡ್ರಿ,’ ಎಂದೆ.

ಎಂಟು ದಿನಕ್ಕೆ ತೀರಿಕೊಂಡರು. ಕಟ್ಟು ಹಾಕಿಸಲು ತಾಯಿಯ ಒಂದು ಒಳ್ಳೆಯ ಫೋಟೊ ನಿಮ್ಮ ಹತ್ತಿರ ಇದ್ದೀತೇ ಎಂದು ಮಗಳು ಕೇಳಿದಳು. ನನ್ನ ಮೊಬೈಲಿನಲ್ಲಿ ಇದ್ದದ್ದು ಬ್ಯಾನರಿನ ತುದಿಯ ಆ ನಾಲ್ಕು ಬೆರಳು. ಅದನ್ನೇ ಕಳಿಸಿದೆ. ಕಟ್ಟು ಹಾಕಿಸಿದ್ದು ಆಧಾರ್ ಕಾರ್ಡಿನ ಫೋಟೊಗೆ, ಬೆರಳಿನ ಫೋಟೊವನ್ನು ತಾನೇ ಇಟ್ಟುಕೊಂಡಿದ್ದೇನೆ ಎಂದಳು.

ಈಗಲೂ ದಿನಕ್ಕೆ ಹತ್ತಾರು ಸಲ ಆ ಮಾತು ನನ್ನ ಕಿವಿಗೆ ಬೀಳುತ್ತದೆ. ಮೊನ್ನೆ ಸಾರವಾಡದ ಒಬ್ಬ ಹೆಂಗಸು ಪಕ್ಕದಲ್ಲಿದ್ದ ಗಂಡನ ಕಡೆ ಒಮ್ಮೆ ನೋಡಿ, ಎರಡು ಸಲ ಬೆನ್ನುಬೆನ್ನಿಗೆ ಅಡ್ಡಿಯಿಲ್ರಿ ಎಂದಳು. ನಾನು ಪೆನ್ನು ಕೆಳಗಿಟ್ಟು, ಚಾದರ ತಂದು, ಇನ್ನೊಂದು ತುದಿ ಅವಳ ಕಡೆ ಚಾಚಿದೆ. ಇಲ್ಲಿನ ಸಿಸ್ಟರ್ ಹೊಸಬರು. ಮಡಚಿ ಇಟ್ಟದ್ದನ್ನು ತಿರುಗಿಸಿ ನೋಡಿ, ‘ಸರ್, ಮುದ್ರಿ ಹೊರಗ ಬಂದೈತ್ರಿ, ತಿರುವಿ ಮಡಚ್ಲೇನು?’ ಎಂದರು. ಎಡಗೈ ಮೇಲೆ ತಂದು ಮಡಚುವುದು ನನಗೆ ರೂಢಿಯಾಗಿ ಹೋಗಿದೆ.

‘ಬ್ಯಾಡ್ರಿ,’ ಎಂದೆ. ‘ಕಾಣಲಿ.’